ನಮ್ಮ ತೋಟದ ಕೆರೆ, ಅದರ ಮಣ್ಣಿನ ಏರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಮನೆ ಮುಂದೆ ಅಡಿಕೆ ತೋಟ, ತೋಟದ ತಲೆಯಲ್ಲಿ ಕೆರೆ. ತೋಟಕ್ಕೆ ನೀರಾಗಲಿ ಅಂತ ಅಪ್ಪ ಕಟ್ಟಿಸಿದ್ದು. ಕೆಲವು ವರ್ಷಗಳಿಂದ ದೋಣಿ, ಈಜು, ಗಾಳ ಅಂತ ಜನ ಬರುತ್ತಿದ್ದಾರೆ. ಬಂದವರು ಕೇಳುವುದು, ಕೆಳಗಿನ ತೋಟದವರು ಕೇಳುವುದು, ನಾವೂ ಇಂಥದ್ದೊಂದು ಮಾಡಬೇಕು ಅನ್ನುವವರು ಫೋನ್ ಮಾಡಿ ಕೇಳುವುದು, ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಇದು ಕೆರೆಯೋ, ಡ್ಯಾಮೋ?

ಎರಡೂ ಹೌದು. ಹಳ್ಳದ ನೀರಿಗೆ ಅಡ್ಡ ಮಣ್ಣು ಹಾಕಿ ನಿಲ್ಲಿಸಿದರೆ ಅದು ಡ್ಯಾಮೇ. ನಾವು ಕೆರೆ ಅನ್ನುತ್ತೇವೆ, ಅಷ್ಟೆ. ಏರಿ 80 ಮೀಟರ್ ಉದ್ದ. ನಡುವೆ 20 ಅಡಿ ಎತ್ತರ. ತುಂಬಿದಾಗ ಸುಮಾರು 3 ಎಕರೆ ನೀರು, ಸರಾಸರಿ 7 ಅಡಿ ಆಳ.

ಇದನ್ನು ಕೇಳಿ ಎಲ್ಲರೂ "ಚಿಕ್ಕದು ಬಿಡಿ" ಅನ್ನುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಒಂದು ಎಕರೆಯಲ್ಲಿ ಒಂದಡಿ ನೀರು ನಿಂತರೆ ಅದು 12.3 ಲಕ್ಷ ಲೀಟರ್. ಆ ಲೆಕ್ಕದಲ್ಲಿ ನಮ್ಮ ಕೆರೆಯಲ್ಲಿ ಇರುವುದು ಸುಮಾರು 2.6 ಕೋಟಿ ಲೀಟರ್. ತೂಕದಲ್ಲಿ 26,000 ಟನ್. ಹತ್ತು ಟನ್ನಿನ ಟಿಪ್ಪರ್‌ನಲ್ಲಿ ಹೊತ್ತರೆ 2,600 ಲೋಡ್. ಅಷ್ಟು ಭಾರ ನಮ್ಮ ತೋಟದ ಮೇಲೆ, ನಮ್ಮ ಕೆಳಗಿನ ಐದು ಮನೆಗಳ ಮೇಲೆ ಕೂತಿದೆ. ನಾನು ಇದನ್ನು ಚಿಕ್ಕದು ಅಂತ ಯಾವತ್ತೂ ಅಂದುಕೊಂಡಿಲ್ಲ.

ಬರೀ ಮಣ್ಣು ಇಷ್ಟು ನೀರನ್ನು ಹೇಗೆ ತಡೆಯುತ್ತದೆ?

ಮಣ್ಣು ಅಂದರೆ ಕಡಿಮೆ ಅಂತಲ್ಲ. ಚನ್ನಗಿರಿಯ ಸೂಳೆಕೆರೆ, ಅಂದರೆ ಈಗಿನ ಶಾಂತಿಸಾಗರದ ಏರಿ, ನೂರಾರು ವರ್ಷದಿಂದ ನಿಂತಿದೆ. ಅದೂ ಮಣ್ಣೇ. ಯಾವ ಮಣ್ಣು, ಹೇಗೆ ಕೂರಿಸಿದ್ದು, ಆಮೇಲೆ ಯಾರು ನೋಡಿಕೊಂಡರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಏರಿಯ ನಡುವೆ ಜೇಡಿಮಣ್ಣಿನ ಗೋಡೆ ಇರುತ್ತದೆ. ಅದನ್ನು ನೆಲದ ಮೇಲೆ ಸುಮ್ನೆ ಇಟ್ಟಿರುವುದಿಲ್ಲ. ಗಟ್ಟಿ ನೆಲ ಸಿಗುವವರೆಗೆ ಚರಂಡಿಯ ಹಾಗೆ ತೋಡಿ, ಅಲ್ಲಿಂದ ಎಬ್ಬಿಸಿಕೊಂಡು ಬಂದಿರುತ್ತಾರೆ. ಆ ಗೋಡೆಯ ಎರಡೂ ಬದಿಗೆ ಸಾಧಾರಣ ಮಣ್ಣು. ನೀರಿನ ಕಡೆ ಒಂದಡಿ ಎತ್ತರಕ್ಕೆ ಎರಡೂವರೆ ಅಡಿ, ಹಿಂಬದಿಗೆ ಎರಡಡಿ ಇಳಿಜಾರು. ಹಾಗಾಗಿ ತಲೆಯಲ್ಲಿ 10 ಅಡಿ ಅಗಲ ಇರುವ ಏರಿ ಬುಡದಲ್ಲಿ 100 ಅಡಿ ಆಗುತ್ತದೆ.

ಅಪ್ಪ ಕಟ್ಟಿಸುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಅರ್ಧ ಅಡಿ ಮಣ್ಣು ಹರಡುವುದು, ನೀರು ಚಿಮುಕಿಸುವುದು, ದಮ್ಮಸ್ಸು ಮಾಡುವುದು, ಅಂದರೆ ಬಡಿದು ಗಟ್ಟಿ ಮಾಡುವುದು. ಮತ್ತೆ ಅರ್ಧ ಅಡಿ. ಪ್ರತಿ ಪದರಕ್ಕೂ ಅಪ್ಪ ಒಂದು ಮುಷ್ಟಿ ಮಣ್ಣು ತೆಗೆದು ಹಿಸುಕುತ್ತಿದ್ದರು. ಉಂಡೆ ನಿಲ್ಲಬೇಕು, ಕೈಗೆ ನೀರು ಅಂಟಬಾರದು. ಉಂಡೆ ಪುಡಿಯಾದರೆ ಇನ್ನಷ್ಟು ನೀರು. ಬೆರಳ ಸಂದಿಯಲ್ಲಿ ಕೆಸರು ಬಂದರೆ ಅವತ್ತು ಕೆಲಸ ನಿಂತಿತು. ಕೆಲಸದವರು ಬೇಸರ ಮಾಡಿಕೊಂಡಿದ್ದೂ ಇದೆ. ಆ ಏರಿ ಈಗಲೂ ಒಂದು ಬಿರುಕು ಬಿಟ್ಟಿಲ್ಲ.

ಕೋಡಿಗೆ ಹಲಗೆ ಕಟ್ಟಿ ಇನ್ನೆರಡು ಅಡಿ ನೀರು ನಿಲ್ಲಿಸಬಾರದಾ? ದೋಣಿಗೆ ಚೆನ್ನಾಗಿರುತ್ತದೆ ಅಲ್ವಾ?

ಇಲ್ಲ. ವರ್ಷಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಮಣ್ಣಿನ ಏರಿ ಒಡೆಯುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಹೆಚ್ಚಾದ ನೀರು ಹೊರಹೋಗಲು ಬಿಟ್ಟ ದಾರಿಯೇ ಕೋಡಿ; ನೀರು ಅದರಲ್ಲಿ ಹೋಗಲಾರದೆ ಏರಿಯ ತಲೆಯ ಮೇಲೆ ಹತ್ತುವುದು.

ಮಣ್ಣಿನ ಏರಿ ನೀರನ್ನು ಎದೆಗೊಟ್ಟು ತಡೆಯುತ್ತದೆ, ತಲೆಯ ಮೇಲೆ ಹರಿಸಿಕೊಳ್ಳಲಾರದು. ತಲೆ ಮೇಲೆ ಒಂದು ಗೇಣು ನೀರು ಹರಿದರೂ ಹಿಂಬದಿಯ ಇಳಿಜಾರಿನ ಮಣ್ಣನ್ನು ಕೊರೆಯಲು ಶುರು ಮಾಡುತ್ತದೆ. ಕೊರೆದ ಜಾಗದಲ್ಲಿ ನೀರು ಜೋರಾಗುತ್ತದೆ, ಜೋರಾದಷ್ಟೂ ಜಾಸ್ತಿ ಕೊರೆಯುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಛು ಅಣೆಕಟ್ಟು ಹೋಗಿದ್ದು ಹೀಗೇ. ನಡುವಿನ ಕಲ್ಲಿನ ಕಟ್ಟಡ ನಿಂತಿತ್ತು, ಎರಡೂ ಪಕ್ಕದ ಮಣ್ಣಿನ ಏರಿಯ ಮೇಲೆ ಪ್ರವಾಹ ಹತ್ತಿ ಕೊಚ್ಚಿಕೊಂಡು ಹೋಯಿತು.

ನಮ್ಮ ಲೆಕ್ಕ ನೋಡಿ. ಕೆರೆಗೆ ನೀರು ಬರುವ ಗುಡ್ಡ ಸುಮಾರು 60 ಎಕರೆ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಬಿದ್ದರೆ 4 ಲಕ್ಷ ಲೀಟರ್. 60 ಎಕರೆಗೆ 2.4 ಕೋಟಿ. ಅಂದರೆ ಹೆಚ್ಚುಕಡಿಮೆ ಒಂದು ಕೆರೆ ನೀರು. ಜುಲೈಯಲ್ಲಿ, ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ನೆಲ ಕುಡಿದು ಕುಡಿದು ಸಾಕಾಗಿರುತ್ತದೆ. ಬಿದ್ದ ಮಳೆಯೆಲ್ಲ ಹಳ್ಳಕ್ಕೇ ಬರುತ್ತದೆ. ನಮ್ಮ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಕಡೆ ಒಂದೇ ದಿನ 200 ಮಿಲಿಮೀಟರ್ ದಾಟುವುದು ಹೊಸದೇನಲ್ಲ. ಅಷ್ಟು ಮಳೆ ಇಲ್ಲಿ ಬಿದ್ದರೆ ಮೊದಲೇ ತುಂಬಿದ ಕೆರೆಗೆ ಇನ್ನೂ ಎರಡು ಕೆರೆಯಷ್ಟು ನೀರು ಒಂದೇ ದಿನದಲ್ಲಿ ಬಂದ ಹಾಗೆ. ಅದಕ್ಕೆ ಇರುವುದು ಒಂದೇ ದಾರಿ, ಕೋಡಿ.

ನಮ್ಮ ಕೋಡಿ 20 ಅಡಿ ಅಗಲ. ಏರಿಯ ತಲೆಗಿಂತ 4 ಅಡಿ ಕೆಳಗಿದೆ. ಹಾಕಿದ ಮಣ್ಣಿನ ಮೇಲೆ ಮಾಡಿದ್ದಲ್ಲ, ಗುಡ್ಡದ ಬದಿಯ ಹಾಸುಗಲ್ಲಿನಲ್ಲಿ ಕಡಿದದ್ದು. ಆ 4 ಅಡಿ ಖಾಲಿ ಇದೆಯಲ್ಲ, ಅದು ದಂಡವಾಗಿ ಬಿಟ್ಟ ಜಾಗ ಅಲ್ಲ. ಮಳೆ ಬಂದ ರಾತ್ರಿ ನಾವು ಮಲಗುವುದು ಆ 4 ಅಡಿಯನ್ನು ನಂಬಿ. ಅದರಲ್ಲಿ 2 ಅಡಿಯನ್ನು ಹಲಗೆ ಇಟ್ಟು ಕಿತ್ತುಕೊಂಡರೆ ಉಳಿದದ್ದು ಸಾಲುವುದಿಲ್ಲ.

ಹಲಗೆ ಮಾತ್ರ ಅಲ್ಲ. ಮೊದಲ ಮಳೆಗೆ ಹರಿವಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿಯಲು ಕೋಡಿಯ ಬಾಯಿಗೆ ಬಲೆ, ಬಿದಿರಿನ ಕೂಳಿ ಕಟ್ಟಬೇಡಿ ಅಂತ ಊರಿನ ಹುಡುಗರಿಗೂ ಹೇಳಿದ್ದೇವೆ. ಬಲೆಗೆ ದರಗು, ಅಂದರೆ ಒಣಗಿದ ಎಲೆ, ಸಿಕ್ಕಿಕೊಂಡರೆ ಒಂದು ಗಂಟೆಯಲ್ಲಿ ಅದೇ ಗೋಡೆ ಆಗುತ್ತದೆ. ಮೇಲಿನ ಕಾಡಿನಿಂದ ಬಿದಿರು, ಒಣಕೊಂಬೆ ತೇಲಿ ಬಂದು ಅಡ್ಡ ಕೂರುವುದೂ ಇದೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಯಾರಾದರೂ ಒಬ್ಬರು ಕತ್ತಿ ಹಿಡಿದುಕೊಂಡು ಕೋಡಿ ನೋಡಿ ಬರಲೇಬೇಕು.

ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ. ಸೋರುತ್ತಿದೆಯಾ?

ಜಿನುಗುವುದು ಸಹಜ. ಸ್ವಲ್ಪವೂ ಜಿನುಗದ ಮಣ್ಣಿನ ಏರಿ ಇಲ್ಲ. ನೋಡಬೇಕಾದ್ದು ಎರಡು. ಬರುವ ನೀರು ತಿಳಿಯಾಗಿದೆಯಾ? ನಿನ್ನೆಗಿಂತ ಜಾಸ್ತಿ ಆಗಿದೆಯಾ? ತಿಳಿನೀರು ಬಂದರೆ ನೀರು ಮಾತ್ರ ಬರುತ್ತಿದೆ ಅಂತ ಅರ್ಥ. ಕೆಂಪು ನೀರು ಬಂದರೆ ಏರಿಯೇ ಕರಗಿ ಬರುತ್ತಿದೆ ಅಂತ ಅರ್ಥ.

ಇದನ್ನು ನಾನು ಕಲಿತಿದ್ದು 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆ ಹಿಡಿದಾಗ. ಅದಕ್ಕೆ ಎರಡು ವರ್ಷ ಮೊದಲು ತೋಟಕ್ಕೆ ನೀರು ಬಿಡುವ ಹಳೆಯ ಕಲ್ಲಿನ ತೂಬು ಕೆಟ್ಟು, ಪೈಪ್ ಹಾಕಿಸಿದ್ದೆವು. ಕೆಲಸ ಹಿಡಿದವರು ಹಿಟಾಚಿಯಲ್ಲಿ ಏರಿ ಸೀಳಿ, ಪೈಪ್ ಇಟ್ಟು, ಬಕೆಟ್ಟಿನಿಂದ ಮಣ್ಣು ಸುರಿದು ಮೇಲೆ ಎರಡು ಸಲ ಓಡಾಡಿಸಿ ಹೋದರು. ಪೈಪಿನ ಅಡಿಯಲ್ಲಿ, ಪಕ್ಕದಲ್ಲಿ ದಮ್ಮಸ್ಸು ಆಗಲೇ ಇಲ್ಲ. ನಾನು ಅಲ್ಲೇ ನಿಂತಿದ್ದೆ, ಹೇಳಲಿಲ್ಲ. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಆರು ಗಂಟೆ. ಪೈಪಿನ ಬಾಯಿ ಪಕ್ಕದಲ್ಲಿ, ಪೈಪಿನ ಹೊರಗೆ, ಬೆರಳು ದಪ್ಪ ನೀರು ಬರುತ್ತಿತ್ತು. ಮಳೆಯಲ್ಲಿ ಎಲ್ಲ ನೀರೂ ಕೆಂಪಾಗಿಯೇ ಕಾಣುತ್ತದೆ, ಹಾಗಾಗಿ ಕಣ್ಣನ್ನು ನಂಬಲಿಲ್ಲ. ಮನೆಯಿಂದ ಸ್ಟೀಲ್ ಚೊಂಬು ತಂದು ಆ ನೀರನ್ನೇ ಹಿಡಿದೆ. ಕೊಡೆ ಅಡಿಯಲ್ಲಿ ಕಲ್ಲಿನ ಮೇಲೆ ಇಟ್ಟು ಹತ್ತು ನಿಮಿಷ ಕೂತೆ. ನಿಧಾನ ಬಗ್ಗಿಸಿದಾಗ ಚೊಂಬಿನ ತಳದಲ್ಲಿ ರಾಗಿ ಹಿಟ್ಟಿನಷ್ಟು ನುಣುಪಾದ ಮಣ್ಣು, ಉಗುರಿನ ದಪ್ಪ ಕೂತಿತ್ತು. ಕೈಕಾಲು ತಣ್ಣಗಾಯಿತು.

ಮೊದಲು ಮಾಡಿದ್ದು ಕೆಳಗಿನ ಐದೂ ಮನೆಗೆ ಹೇಳಿ ಕಳಿಸಿದ್ದು. ಹಿರಿಯರನ್ನು, ಮಕ್ಕಳನ್ನು, ದನಕರುಗಳನ್ನು ಮೇಲಿನ ಮನೆಗೆ ಕರೆತಂದೆವು. ಆಮೇಲೆ ನೀರು ಬರುತ್ತಿದ್ದ ಜಾಗದ ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು ಹೇರಿದೆವು. ಇಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ. ತೂತು ಕಂಡ ಕೂಡಲೇ ಜೇಡಿಮಣ್ಣು, ಗೋಣಿಚೀಲ ತುರುಕಿ ಮುಚ್ಚಿಬಿಡುತ್ತಾರೆ. ಹೊರಗಿನ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ನೀರು ಹೊರಗೆ ಬರಬೇಕು, ಮಣ್ಣು ಒಳಗೇ ಉಳಿಯಬೇಕು. ಮರಳು ಮಾಡುವುದು ಅದನ್ನೇ, ಕಾಫಿ ಸೋಸಿದ ಹಾಗೆ.

ಸಂಜೆ ಹೊತ್ತಿಗೆ ಚೊಂಬಿಗೆ ಹಿಡಿದ ನೀರು ತಿಳಿಯಾಗಿತ್ತು. ಮುಂದಿನ ಬೇಸಿಗೆಯಲ್ಲಿ ಏರಿ ಅಗೆಸಿ, ಪೈಪ್ ಕೀಳಿಸಿ, ಈ ಸಲ ಅರ್ಧರ್ಧ ಅಡಿಗೆ ದಮ್ಮಸ್ಸು ಮಾಡಿಸಿ, ಹಿಂಬದಿಯ ಭಾಗದಲ್ಲಿ ಪೈಪಿನ ಸುತ್ತ ಮರಳು ತುಂಬಿಸಿ ಕೂರಿಸಿದೆವು.

ಅಮೆರಿಕದ ಐಡಹೋದಲ್ಲಿ 1976ರ ಜೂನ್ 5ರಂದು ಟೀಟನ್ ಅನ್ನುವ ದೊಡ್ಡ ಮಣ್ಣಿನ ಅಣೆಕಟ್ಟು ಮೊದಲ ಸಲ ತುಂಬುತ್ತಿರುವಾಗಲೇ ಹೋಯಿತು. ಬೆಳಿಗ್ಗೆ ಕೆಸರು ನೀರು ಕಂಡಿದ್ದು, ಮಧ್ಯಾಹ್ನ ಹನ್ನೆರಡರ ಒಳಗೆ ಏರಿ ಬಾಯಿ ಬಿಟ್ಟಿತು. ಇಂಜಿನಿಯರ್‌ಗಳು, ಬುಲ್ಡೋಜರ್‌ಗಳು ಎಲ್ಲ ಅಲ್ಲೇ ಇದ್ದರು. "ನಾಳೆ ನೋಡೋಣ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಏರಿ ಮೇಲೆ ನೆರಳಿಗೆ ನಾಲ್ಕು ಮರ ಹಾಕಬಾರದಾ?

ಮರ ನಮಗೂ ಇಷ್ಟ. ಆದರೆ ಏರಿ ಮೇಲೆ ಬೇಡ. ಬೇರು ತೇವ ಹುಡುಕಿಕೊಂಡು ಒಳಗೆ ಹೋಗುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಅಲ್ಲೇ ಒಂದು ಕೊಳವೆ ಉಳಿಯುತ್ತದೆ. ಗಾಳಿಗೆ ಬುಡಮೇಲಾದರೆ ಏರಿಯ ಒಂದು ತುಂಡನ್ನೇ ಎತ್ತಿಕೊಂಡು ಬೀಳುತ್ತದೆ. ಹಿಂಬದಿಗೆ ಲಾವಂಚ ಮತ್ತು ಗರಿಕೆ ಹಾಕಿದ್ದೇವೆ. ಲಾವಂಚದ ಬೇರು ನೇರ ಕೆಳಗಿಳಿದು ಮಣ್ಣನ್ನು ಹಿಡಿಯುತ್ತದೆ. ನೀರಿನ ಕಡೆ ಅಲೆಗೆ ಮಣ್ಣು ಕೊರೆಯದ ಹಾಗೆ ಕಲ್ಲು ಹಾಸಿದೆ.

ಹುಲ್ಲನ್ನು ಗಿಡ್ಡವಾಗಿ ಇಡುವುದು ಚೆಂದಕ್ಕಲ್ಲ. ಬಿಲ ಕಾಣಬೇಕು. ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಎಲ್ಲಕ್ಕೂ ಏರಿ ಅಂದರೆ ಇಷ್ಟ. 2019ರ ಜುಲೈಯಲ್ಲಿ ಮಹಾರಾಷ್ಟ್ರದ ರತ್ನಗಿರಿಯ ತಿವರೆ ಅಣೆಕಟ್ಟು ಒಡೆದು ಜನ ಸತ್ತಾಗ ಅಲ್ಲಿನ ಮಂತ್ರಿಯೊಬ್ಬರು ಏಡಿಗಳೇ ಕಾರಣ ಅಂದರು. ಏಡಿ ಬಿಲ ತೋಡುತ್ತದೆ, ಸುಳ್ಳಲ್ಲ. ಆದರೆ ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಬಿಲ ತೋಡುವುದು ಏಡಿಯ ಕೆಲಸ, ಅದನ್ನು ಹುಡುಕಿ ಮುಚ್ಚುವುದು ಏರಿಯ ಯಜಮಾನರ ಕೆಲಸ.

ಈಜಬಹುದಾ? ಮಕ್ಕಳನ್ನು ಬಿಡಬಹುದಾ?

ನವೆಂಬರ್‌ನಿಂದ ಮೇ ಮಧ್ಯದವರೆಗೆ ಬಿಡುತ್ತೇವೆ. ಆರಿದ್ರಾ ಮಳೆ ಹಿಡಿದ ಮೇಲೆ ಯಾರು ಎಷ್ಟು ಕೇಳಿದರೂ ನೀರಿಗೂ ಇಲ್ಲ, ದೋಣಿಗೂ ಇಲ್ಲ.

ಲೈಫ್ ಜಾಕೆಟ್ ಎಲ್ಲರಿಗೂ ಕಡ್ಡಾಯ, ಈಜು ಬಂದರೂ. ಹೊಳೆಯಲ್ಲಿ ಈಜಿ ಬೆಳೆದವರೂ ಕೆರೆಯಲ್ಲಿ ತಪ್ಪುತ್ತಾರೆ. ಮೇಲಿನ ಎರಡು ಮೂರಡಿ ನೀರು ಬೆಚ್ಚಗಿರುತ್ತದೆ, ಕೆಳಗೆ ಕಾಲು ಬಿಟ್ಟರೆ ಚುರುಕ್ ಅನ್ನುವ ತಣ್ಣಗೆ. ಅಂಚಿನಲ್ಲಿ ಹೂಳು ಇದೆ. ನೆಲ ಸಿಕ್ಕಿತು ಅಂತ ಕಾಲೂರಿದರೆ ಮೊಣಕಾಲಿನವರೆಗೆ ಹೂತು ಹೋಗುತ್ತದೆ. ಗಾಬರಿಯಾಗುವುದು ಅಲ್ಲೇ.

ತೂಬಿನ ಹತ್ತಿರ ಕೆಂಪು ಹಗ್ಗ ಕಟ್ಟಿದೆ. ಅದನ್ನು ದಾಟಬೇಡಿ. ತೂಬು ತೆಗೆದಿದ್ದಾಗ ನೀರು ಎಳೆಯುವ ಜೋರು ಮೇಲಿನಿಂದ ಕಾಣುವುದಿಲ್ಲ. ಕುಡಿದವರಿಗೆ ನೀರಿಗೆ ಇಳಿಯಲು ಬಿಡುವುದಿಲ್ಲ. ದುಡ್ಡು ವಾಪಸ್ ಕೊಟ್ಟು ಕಳಿಸಿದ್ದೇವೆ, ಮುಂದೆಯೂ ಕಳಿಸುತ್ತೇವೆ.

ಗಾಳ ಹಾಕಬಹುದಾ? ಯಾವ ಮೀನಿದೆ?

ಹಾಕಬಹುದು. ಕಾಟ್ಲಾ, ರೋಹು, ಹುಲ್ಲು ತಿನ್ನುವ ಗೆಂಡೆ ಬಿಟ್ಟಿದ್ದೇವೆ. ಹಳ್ಳದ ಮೀನು ತಾವೇ ಬಂದಿವೆ. ಮನೆಯಲ್ಲಿ ಸಾಕಿದ ಮೀನನ್ನು ತಂದು ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಬೇಡವೇ ಬೇಡ. ಅದು ದೇಶದಲ್ಲೇ ನಿಷೇಧ. ನಮ್ಮ ಕೋಡಿ ನೀರು ಹಳ್ಳ ಸೇರಿ ಶರಾವತಿ ಹಿನ್ನೀರಿಗೆ ಹೋಗುತ್ತದೆ. ಇಲ್ಲಿ ಬಿಟ್ಟದ್ದು ಇಲ್ಲೇ ಉಳಿಯುವುದಿಲ್ಲ.

ಒಂದು ವಿಷಯ ಅಡಿಕೆ ಬೆಳೆಗಾರರಿಗೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತದಲ್ಲಿ ಇರುವುದು ತಾಮ್ರ, ಅದು ಮೀನಿಗೆ ವಿಷ. ಡ್ರಮ್ಮು, ಔಷಧಿ ಹೊಡೆಯುವ ಗಟಾರು ಪಂಪು ತೊಳೆದ ನೀರನ್ನು ಕೆರೆಗೆ ಬಿಡಬೇಡಿ. ನಾವು ಕೆರೆಗೆ ನೀರು ಹರಿಯದ ಕಡೆ ಒಂದು ಗುಂಡಿ ತೆಗೆದು ಅಲ್ಲಿ ತೊಳೆಯುತ್ತೇವೆ.

ಇಂಬಳ, ಹಾವು, ಮಂಗನ ಕಾಯಿಲೆ?

ಮಳೆಗಾಲದಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇದ್ದೇ ಇರುತ್ತದೆ, ಉಪ್ಪು ಕೊಡುತ್ತೇವೆ. ಹಾವು ಇದೆ, ರಾತ್ರಿ ಟಾರ್ಚ್ ಇಲ್ಲದೆ ಏರಿ ಮೇಲೆ ನಡೆಯಬೇಡಿ. ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮೊದಲು ಪತ್ತೆಯಾಗಿದ್ದು. ಉಣುಗಿನಿಂದ ಬರುತ್ತದೆ. ಬೇಸಿಗೆಯಲ್ಲಿ ಮೇಲಿನ ಕಾಡಿಗೆ ಅತಿಥಿಗಳನ್ನು ಕರೆದುಕೊಂಡು ಹೋಗುವುದಿಲ್ಲ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ನಮಗೆ ಹೇಳಿ, ನಾವು ಆರೋಗ್ಯ ಇಲಾಖೆಗೆ ತಿಳಿಸುತ್ತೇವೆ.

ಬೇಸಿಗೆಯಲ್ಲಿ ನೀರು ತಳ ಕಾಣುತ್ತದೆ. ಮೋಸ ಅಲ್ವಾ?

ತೋಟಕ್ಕೆ ಮೊದಲು, ದೋಣಿಗೆ ಆಮೇಲೆ. ಏಪ್ರಿಲ್‌ನಲ್ಲಿ ಬರುವವರಿಗೆ ಬುಕ್ ಮಾಡುವಾಗಲೇ ಹೇಳುತ್ತೇವೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಬರುತ್ತದೆ, ಹೂಳೆತ್ತಲು ಒಂದೇ ದಿನದಲ್ಲಿ ಖಾಲಿ ಮಾಡಬಹುದಲ್ಲ ಅಂತ. ಮಾಡಬಾರದು. ಕೆರೆ ತುಂಬಿದ್ದಾಗ ನೀರಿನ ಕಡೆಯ ಮಣ್ಣು ಒಳಗೆಲ್ಲ ನೆಂದಿರುತ್ತದೆ. ಹೊರಗಿನ ನೀರು ಆ ಇಳಿಜಾರಿಗೆ ಒರಗಿಕೊಂಡಿರುತ್ತದೆ. ಒರಗಿದ್ದ ನೀರನ್ನು ತಟ್ಟನೆ ತೆಗೆದರೆ ನೆಂದ ಮಣ್ಣು ತನ್ನ ಭಾರಕ್ಕೆ ತಾನೇ ಜಾರುತ್ತದೆ. ನಮ್ಮಲ್ಲಿ ಮಳೆಗೆ ಗುಡ್ಡದ ದರೆ ಕುಸಿಯುತ್ತದಲ್ಲ, ಹಾಗೆ. ನಾವು ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸುವುದಿಲ್ಲ.

ಕೆಳಗಿನವರಿಗೆ ಏನಾದರೂ ಆದರೆ ಯಾರು ಹೊಣೆ? ಸರ್ಕಾರ ನೋಡುವುದಿಲ್ವಾ?

ಹೊಣೆ ನಮ್ಮದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬರುವುದು 15 ಮೀಟರ್‌ಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಒಳಗಿನವಕ್ಕೆ ಬೇರೆ ಕೆಲವು ಷರತ್ತು ಸೇರಿದರೆ ಮಾತ್ರ. ನಮ್ಮದು 6 ಮೀಟರ್. ಆ ಕಾಯ್ದೆಯಡಿ ಯಾರೂ ನೋಡಲು ಬರುವುದಿಲ್ಲ. ಅದಕ್ಕೇ ನಾವು ಜಾಸ್ತಿ ನೋಡಬೇಕು.

1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಿನ ಮುಂದೆ, ಒಂದು ಕೇಸು ಬಂದಿತ್ತು. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲ್ವೆ ಕಂಪನಿಯ ಸೇತುವೆಗಳು ಹೋಗಿದ್ದವು. ಅವು ಹಿಂದಿನಿಂದ ಬಂದ ಕೆರೆಗಳು, ಬೇಸಾಯಕ್ಕೆ ಬೇಕೇ ಬೇಕಾದವು, ಜಮೀನ್ದಾರರ ಅಜಾಗರೂಕತೆ ಇಲ್ಲದಿದ್ದರೆ ಅವರು ಹೊಣೆಯಲ್ಲ ಅಂತ ತೀರ್ಪಾಯಿತು. ನಮ್ಮದು ಊರಿನ ಹಳೆಯ ಕೆರೆಯಲ್ಲ. ದೋಣಿ ಬಿಟ್ಟು ದುಡ್ಡು ತಗೊಳ್ಳುವ ಕೆರೆ. ಆ ತೀರ್ಪಿನ ನೆರಳು ನಮಗೆ ಸಿಗುತ್ತದೆ ಅಂತ ನಾನು ನಂಬಿಕೊಂಡಿಲ್ಲ.

ನಮ್ಮ ತಾಲ್ಲೂಕಿನ ಜನಕ್ಕೆ ಕಟ್ಟಿದ ನೀರು ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಶರಾವತಿ ಹಿನ್ನೀರು, ಮಾಣಿ, ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳು. ಮುಳುಗಡೆಯಾಗಿ ಎದ್ದು ಬಂದವರೇ ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಕೆಳಗಿನ ಐದು ಮನೆಯಲ್ಲಿ ಎರಡು ಮನೆಯವರು ಹಾಗೆ ಬಂದವರು. ಇನ್ನೊಂದು ಸಲ ಅವರು ನೀರಿಗೆ ಹೆದರಿ ರಾತ್ರಿ ಎದ್ದು ಕೂರಬಾರದು.

ಮಳೆಯಲ್ಲಿ ಕರೆಂಟು, ಟವರು ಎರಡೂ ಹೋಗುತ್ತವೆ, ಫೋನ್ ನಂಬಲಾಗದು. ಕೈಯಲ್ಲಿ ತಿರುಗಿಸುವ ಸೈರನ್ ಏರಿ ಪಕ್ಕದ ಶೆಡ್ಡಿನಲ್ಲಿದೆ. ಅದು ಕೇಳಿದರೆ ಯಾವ ದಾರಿಯಲ್ಲಿ ಗುಡ್ಡ ಹತ್ತಬೇಕು ಅಂತ ಪ್ರತಿ ಮೇ ತಿಂಗಳಲ್ಲಿ ಎಲ್ಲರೂ ಒಂದು ಸಲ ನಡೆದು ನೋಡುತ್ತೇವೆ. ಶೆಡ್ಡಿನಲ್ಲಿ ಎರಡು ಲೋಡ್ ಮರಳು, ಒಂದು ಲೋಡ್ ಜಲ್ಲಿ ಯಾವಾಗಲೂ ಇರುತ್ತದೆ. ಮನೆ ಕಟ್ಟುತ್ತೇವೆ, ಸ್ವಲ್ಪ ಕೊಡಿ ಅಂತ ಯಾರು ಕೇಳಿದರೂ ಅದನ್ನು ಕೊಡುವುದಿಲ್ಲ.

ನಮ್ಮ ಜಾಗದಲ್ಲೂ ಇಂಥದ್ದು ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಸರ್ವೆ ನಕ್ಷೆಯಿಂದ. ಹಳ್ಳ ನಿಮ್ಮ ತೋಟದ ನಡುವೆ ಹರಿದರೂ ಅದು ನಕ್ಷೆಯಲ್ಲಿ ಸಾಮಾನ್ಯವಾಗಿ ಬಿ ಖರಾಬು. ಅಂದರೆ ಸಾರ್ವಜನಿಕರದ್ದು. ಅನುಮತಿ ಇಲ್ಲದೆ ಅಡ್ಡ ಕಟ್ಟುವ ಹಾಗಿಲ್ಲ. ಕೆಳಗಿನವರ ನೀರು ನಿಲ್ಲಿಸುವ ಹಾಗಂತೂ ಇಲ್ಲ. ಪಕ್ಕದಲ್ಲಿ ಕಾಡಿದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಆಮೇಲೆ ಕೋಡಿಗೆ ಜಾಗ ನೋಡಿ. ಏರಿಗೆ ಜಾಗ ಆಮೇಲೆ. ಗಟ್ಟಿ ನೆಲದಲ್ಲಿ ಅಗಲವಾದ ಕೋಡಿ ತೆಗೆಯಲು ಜಾಗ ಇಲ್ಲ ಅಂದರೆ ಅಲ್ಲಿ ಕೆರೆ ಬೇಡ. ತಿಳಿದ ಇಂಜಿನಿಯರ್ ಒಬ್ಬರಿಂದ ಮಣ್ಣು ಪರೀಕ್ಷೆ ಮಾಡಿಸಿ, ಕೋಡಿಯ ಲೆಕ್ಕ ಬರೆಸಿಕೊಳ್ಳಿ. ಹಿಟಾಚಿಯವರ ಮಾತಿನ ಮೇಲೆ ಏರಿ ಕಟ್ಟಬೇಡಿ. ನೀರು ಮಾತ್ರ ಬೇಕು, ದೋಣಿ ಬೇಡ ಅನ್ನುವುದಾದರೆ ನೆಲದೊಳಗೆ ತೋಡಿದ ಕೃಷಿ ಹೊಂಡ ಸಾಕು. ನೆಲಕ್ಕಿಂತ ಕೆಳಗಿರುವ ನೀರು ಯಾರ ಮನೆಯ ಮೇಲೂ ಬೀಳುವುದಿಲ್ಲ.

ಯಾವಾಗ ಬಂದರೆ ಚೆಂದ?

ದೋಣಿಗೆ, ಈಜಿಗೆ ನವೆಂಬರ್, ಡಿಸೆಂಬರ್. ಕೆರೆ ತುಂಬಿರುತ್ತದೆ, ಬೆಳಿಗ್ಗೆ ಮಂಜು ನೀರಿನ ಮೇಲೆಯೇ ಕೂತಿರುತ್ತದೆ. ಕೊನೆಕೊಯ್ಲು ನಡೆಯುತ್ತಿದ್ದರೆ ಅಂಗಳದಲ್ಲಿ ಅಡಿಕೆ ಸುಲಿಯುವುದನ್ನೂ ನೋಡಬಹುದು.

ಜುಲೈಯಲ್ಲೂ ಬನ್ನಿ. ನೀರಿಗೆ ಇಳಿಸುವುದಿಲ್ಲ. ಸಂಜೆ ಐದಕ್ಕೆ ನಾನು ಏರಿ ಸುತ್ತು ಹೊರಡುತ್ತೇನೆ, ಜೊತೆಗೆ ಬರಬಹುದು. ಕೋಡಿ ನೋಡಿ, ಬುಡದ ಜಿನುಗನ್ನು ಒಂದು ಲೀಟರ್ ಬಾಟಲಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಆಯಿತು ಅಂತ ಪುಸ್ತಕದಲ್ಲಿ ಬರೆಯಬೇಕು. ಅಪ್ಪ ಶುರು ಮಾಡಿದ ಪುಸ್ತಕ ಅದು, ಈಗ ನಾಲ್ಕನೆಯದು ನಡೆಯುತ್ತಿದೆ. ಕೊಡೆ ತನ್ನಿ, ಒಂದು ಜೊತೆ ಗಮ್‌ಬೂಟ್ ನಾವು ಕೊಡುತ್ತೇವೆ.